ಹೆಸರು ಬರೆದ ಪಾತ್ರೆ

ಮೇಕನ್, ಜಾರ್ಜಿಯಾ
ಭಾನುವಾರ, ಫೆಬ್ರವರಿ 5, 2023

ನನ್ನ ಮಗಳು ಜೊನೆಲ್‌ಗೆ,

ನಿನ್ನ ಅಮ್ಮ ಕಾಗದ ಬರೆಯುವವಳಲ್ಲ ಎಂದು ನಿನಗೆ ಗೊತ್ತು. ಶಾಲೆ ಬಸ್ಸಿನ ಡಿಪೋದ ರಜೆ ಚೀಟಿ ಬಿಟ್ಟರೆ ನಾನು ಪೆನ್ನು ಹಿಡಿದು ವರ್ಷಗಳಾದವು. ಆದರೆ ಫೋನಿನಲ್ಲಿ ನನಗೆ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ಎಂದು ಈ ಒಂದು ತಿಂಗಳಲ್ಲಿ ಗೊತ್ತಾಗಿದೆ. ಅಲ್ಲದೆ ನೀನು ನನ್ನ ಫೋನು ಎತ್ತುತ್ತಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಎತ್ತುತ್ತಿರಲಿಲ್ಲ.

ಕ್ಲಿನಿಕ್‌ನವರು ಹದಿನಾಲ್ಕು ಮಾತ್ರೆ ಕೊಟ್ಟಿದ್ದಾರೆ, ನನ್ನ ಚಿಂತೆ ಬಿಡು ಎಂದು ಕಳೆದ ಶನಿವಾರ ನೀನು ಮೆಸೇಜು ಹಾಕಿದೆ. ಅದೇ ಕೊನೆ, ಆಮೇಲೆ ನಿನ್ನಿಂದ ಒಂದು ಅಕ್ಷರವೂ ಇಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಎಣಿಸಿ ನೋಡಿದೆ. ಬರುವ ಶುಕ್ರವಾರಕ್ಕೆ ಆ ಮಾತ್ರೆಗಳು ಮುಗಿಯುತ್ತವೆ. ಅಷ್ಟರೊಳಗೆ ನಾನು ಮಾಡಬೇಕಾದ ಕೆಲಸ ಒಂದಿದೆ. ಅದಕ್ಕೂ ಮೊದಲು, ಮಾಡಿಬಿಟ್ಟ ಕೆಲಸ ಯಾವುದು ಎಂದು ನಿನಗೆ ಹೇಳಬೇಕು.

ಅದು ಯಾವ ಮಾತ್ರೆ ಎಂದು ನನಗೆ ಗೊತ್ತಿತ್ತು, ಜೊನೆಲ್. ಆಗಸ್ಟಿನಿಂದಲೇ ಗೊತ್ತಿತ್ತು.

ವಿಮೆ ನನ್ನ ಕೆಲಸದ ಮೇಲೆ ಸಿಕ್ಕದ್ದು. ಇಪ್ಪತ್ತಾರು ತುಂಬುವವರೆಗೆ ನೀನು ಅದರಡಿ ಇರುವವಳು. ಹಾಗಾಗಿ ನೀನು ಅಟ್ಲಾಂಟಾದಲ್ಲಿ ಕೆಮ್ಮಿದರೂ ಅದರ ಕಾಗದ ನನ್ನ ಬಾಗಿಲಿಗೆ ಬರುತ್ತದೆ. ಅವುಗಳ ಮೇಲೆ ದಪ್ಪ ಅಕ್ಷರದಲ್ಲಿ ‘ಇದು ಬಿಲ್ ಅಲ್ಲ’ ಎಂದು ಬರೆದಿರುತ್ತದೆ. ಬಿಲ್ ಅಲ್ಲದ ಮೇಲೆ ಓದುವುದೇಕೆ ಎಂದು ಹತ್ತೊಂಬತ್ತು ವರ್ಷ ಎಲ್ಲವನ್ನೂ ಡ್ರಾಯರಿಗೆ ತುರುಕಿದವಳು ನಾನು. ಆಗಸ್ಟಿನ ಆ ದಿನ ಮಾತ್ರ ಓದಿದೆ. ಮೂವತ್ತು ಮಾತ್ರೆಗೆ ನಾಲ್ಕು ಸಾವಿರ ಡಾಲರಿನ ಹತ್ತಿರ ಬೆಲೆ. ನನ್ನ ಮಗಳು ಚಿನ್ನ ನುಂಗುತ್ತಿದ್ದಾಳೋ ಏನೋ ಎಂದು ನಕ್ಕೆ. ಆ ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು, ನಮ್ಮ ಕಡೆಯವರಾರೂ ಹೋಗದ ಔಷಧಿ ಅಂಗಡಿಗೆ ಹೋಗಿ ಅಲ್ಲಿಯ ಹುಡುಗಿಯನ್ನು ಕೇಳಿದೆ.

ಅವಳು ದನಿ ತಗ್ಗಿಸಿ, “ಇದು ಎಚ್‌ಐವಿ ಮಾತ್ರೆ ಅಮ್ಮಾ. ಭಯ ಬೀಳೋದೇನಿಲ್ಲ. ದಿನಕ್ಕೊಂದು ತಪ್ಪದೆ ತಗೊಂಡ್ರೆ ನಮ್ಮ ನಿಮ್ಮ ಹಾಗೇ ಇರ್ತಾರೆ, ಇನ್ನೊಬ್ಬರಿಗೂ ಹರಡಲ್ಲ. ಮಧ್ಯೆ ಬಿಟ್ರೆ ಮಾತ್ರ ಕಷ್ಟ, ಆಮೇಲೆ ಅದೇ ಮಾತ್ರೆ ನಾಟದೆ ಹೋಗಬಹುದು. ನಿಮಗೇನಾ?” ಎಂದಳು.

“ಅಯ್ಯೋ ನನಗಲ್ಲ, ಪಕ್ಕದ ಮನೆಯವಳಿಗೆ” ಎಂದೆ. ಅವಳು ಕೇಳಿದ್ದು ನನ್ನ ಬಗ್ಗೆ, ನಿನ್ನ ಬಗ್ಗೆ ಅಲ್ಲ. ಆದರೂ ಅಷ್ಟು ಬೇಗ ನಿನ್ನನ್ನು ಪಕ್ಕದ ಮನೆಗೆ ದಾಟಿಸಿಬಿಟ್ಟೆ. ಮಧ್ಯೆ ಬಿಡಬಾರದು ಎಂಬ ಮಾತು ಕಿವಿಗೆ ಬಿದ್ದಿತ್ತು. ನನಗೆ ತಿಳಿಯಲಿಲ್ಲ ಎಂದು ಹೇಳುವ ಹಾಗಿಲ್ಲ.

ನಿನ್ನ ಡಾರ್ನೆಲ್ ಮಾವನ ಬಗ್ಗೆ ನಿನಗೆ ನಾವು ಹೇಳಿದ್ದು ನ್ಯುಮೋನಿಯಾ ಎಂದು. ಅದು ಕೊನೆಯ ವಾರದ ಕಾಯಿಲೆ. ಅದಕ್ಕೆ ಹಿಂದಿನ ಎರಡು ವರ್ಷದ ಕಾಯಿಲೆ ನಿನ್ನದೇ. ತೊಂಬತ್ತೆರಡರಲ್ಲಿ ಈ ಮಾತ್ರೆ ಇರಲಿಲ್ಲ. ನಮ್ಮ ಚರ್ಚಿನ ಭಾನುವಾರದ ಹಾಳೆಯಲ್ಲಿ ಕಾಯಿಲೆ ಬಿದ್ದವರ, ಹಾಸಿಗೆ ಹಿಡಿದವರ ಹೆಸರು ಅಚ್ಚಾಗುತ್ತದಲ್ಲ, ಅದರಲ್ಲಿ ಅವನ ಹೆಸರೂ ಬಂತು. ಆ ಪಟ್ಟಿಯಲ್ಲಿ ಹೆಸರು ಬಂದ ಮನೆಗೆ ಮಂಗಳವಾರದೊಳಗೆ ಊಟ ಬರಬೇಕು, ನಮ್ಮಲ್ಲಿ ಅದು ತಪ್ಪುವುದಿಲ್ಲ. ಒಬ್ಬೊಬ್ಬರೂ ತಮ್ಮ ಒಳ್ಳೆಯ ಪಾತ್ರೆಯಲ್ಲಿ ತರುತ್ತಾರೆ. ತಳಕ್ಕೆ ಟೇಪು ಅಂಟಿಸಿ ಹೆಸರು ಬರೆದಿರುತ್ತಾರೆ, ತೊಳೆದು ವಾಪಸು ಕೊಡಲಿ ಎಂದು. ಪಾತ್ರೆ ಹೋಗುವುದು, ಬರುವುದು, ಆ ನೆಪದಲ್ಲಿ ಕೂತು ಎರಡು ಮಾತಾಡುವುದು.

ಡಾರ್ನೆಲ್‌ಗೆ ಊಟವೇನೋ ಬಂತು. ಎಲ್ಲವೂ ಬಳಸಿ ಬಿಸಾಡುವ ಅಲ್ಯೂಮಿನಿಯಂ ತಟ್ಟೆಯಲ್ಲಿ. ಒಂದರ ತಳದಲ್ಲೂ ಹೆಸರಿಲ್ಲ. ಯಾರು ಶುರು ಮಾಡಿದರೋ ಏನೋ, ಒಬ್ಬರನ್ನು ನೋಡಿ ಒಬ್ಬರು ಹಾಗೇ ಮಾಡಿದರು. ಅವನ ಮನೆಯಿಂದ ಏನೂ ವಾಪಸು ಬರಬಾರದು, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಅವನು ಹೋದಾಗ ಹಿಂದಿನ ಜಗುಲಿಯಲ್ಲಿ ಆ ತಟ್ಟೆಗಳು ನನ್ನ ಸೊಂಟದೆತ್ತರ ಇದ್ದವು. ತೊಳೆದು ಒಂದರ ಮೇಲೊಂದು ಜೋಡಿಸಿಟ್ಟಿದ್ದ.

ಆಗಸ್ಟಿನಲ್ಲಿ ನಿನ್ನ ವಿಮೆಯ ಕಾಗದ ಓದಿದಾಗ ನನ್ನ ಕಣ್ಣಿಗೆ ನೀನು ಕಾಣಲಿಲ್ಲ. ಆ ತಟ್ಟೆಗಳು ಕಂಡವು. ಜೊತೆಗೆ ನಮ್ಮ ಶಾಲೆಗಳ ಜಿಲ್ಲಾ ಕಚೇರಿಯಲ್ಲಿ ನೌಕರರ ವಿಮೆ ನೋಡಿಕೊಳ್ಳುವ ಒಡೆಸ್ಸಾ ಕಂಡಳು. ಚರ್ಚಿನ ಪಟ್ಟಿ ಟೈಪು ಮಾಡುವವಳೂ ಅವಳೇ. ನಿನ್ನ ಮಾತ್ರೆಯ ಹೆಸರು ಅವಳ ಕಂಪ್ಯೂಟರಿನಲ್ಲಿ ಕಾಣಿಸುತ್ತದೆ ಎಂದು ನಾನೇ ನಿಶ್ಚಯ ಮಾಡಿಕೊಂಡೆ. ಕಾಣಿಸುತ್ತದೋ ಇಲ್ಲವೋ ವಿಚಾರಿಸುವ ವ್ಯವಧಾನವೂ ಇರಲಿಲ್ಲ. ಪ್ರತಿ ತಿಂಗಳು ಆ ಲಕೋಟೆ ಬರುವ ವಾರ ಅಂಚೆಯವನಿಗಿಂತ ಮೊದಲೇ ಗೇಟಿನಲ್ಲಿ ನಿಲ್ಲುತ್ತಿದ್ದೆ.

ಅಕ್ಟೋಬರಿನಲ್ಲಿ ವರ್ಷಕ್ಕೊಮ್ಮೆ ವಿಮೆ ಬದಲಿಸಿಕೊಳ್ಳುವ ಹೊತ್ತು ಬಂತು. ಕೊನೆಯ ದಿನ ಮೂವತ್ತೊಂದು. ಡಿಪೋದ ಕಂಪ್ಯೂಟರಿನ ಮುಂದೆ ಕೂತು, ನಿನ್ನ ಹೆಸರಿನ ಪಕ್ಕದ ಗುರುತನ್ನು ತೆಗೆದೆ. ‘ಖಚಿತವೇ?’ ಎಂದು ಅದು ಕೇಳಿತು. ಹೌದು ಎಂದು ಒತ್ತಿದೆ. ಜನವರಿಯಿಂದ ಕಾಗದ ಬರುವುದಿಲ್ಲ ಎಂದು ನಿರಾಳವಾಯಿತು. ನೋಡು, ಇದನ್ನು ಬರೆಯಲು ಎರಡು ಹಾಳೆ ಹರಿದೆ, ಅವತ್ತು ಒಂದೇ ಸಲಕ್ಕೆ ಒತ್ತಿದೆ.

ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟಕ್ಕೆ ನೀನು ಬಂದೆ. ಅಷ್ಟೂ ಜನಕ್ಕೆ ಕಾಗದದ ತಟ್ಟೆ ಇಟ್ಟಿದ್ದೆ. “ಏನಮ್ಮಾ, ಅಜ್ಜಿ ಪಿಂಗಾಣಿ ಎಲ್ಲಾ ಮಾರ್ಕೊಂಡ್ಯಾ?” ಎಂದು ನೀನು ರೇಗಿಸಿದೆ. “ತೊಳೆಯೋಳು ನಾನು, ನೀನಲ್ಲ” ಎಂದೆ. ಎಲ್ಲರೂ ನಕ್ಕರು. ಒಬ್ಬಳಿಗೆ ಮಾತ್ರ ಇಟ್ಟರೆ ಗೊತ್ತಾಗುತ್ತದೆ ಎಂದು ಎಲ್ಲರಿಗೂ ಇಟ್ಟಿದ್ದೆ, ಮಗಳೇ. ನೀನು ಹೋದ ಮೇಲೆ ನಿನ್ನ ಲೋಟವನ್ನು ಕುದಿಯುವ ನೀರಿನಲ್ಲಿ ಅದ್ದಿದೆ. ಹರಡುವುದಿಲ್ಲ ಎಂದು ಆ ಹುಡುಗಿ ಹೇಳಿದ್ದು ನೆನಪಿತ್ತು, ಆದರೂ ಅದ್ದಿದೆ.

ಜನವರಿ ಐದಕ್ಕೆ ನೀನು ಫೋನು ಮಾಡಿ, “ಅಮ್ಮಾ, ವಿಮೇಲಿ ನನ್ನ ಹೆಸರೇ ಇಲ್ವಂತೆ. ಅಲರ್ಜಿ ಮಾತ್ರೆಗೆ ಪೂರ್ತಿ ದುಡ್ಡು ಕೇಳ್ತಿದ್ದಾರೆ. ಒಂಚೂರು ಆಫೀಸಲ್ಲಿ ಕೇಳ್ತೀಯಾ? ಮೂರೇ ಉಳಿದಿರೋದು” ಎಂದೆ. ಅಲರ್ಜಿ ಎಂದು ನೀನು ಹೇಳಿದೆ, ಅಲರ್ಜಿ ಎಂದು ನಾನು ನಂಬಿದಂತೆ ಮಾಡಿದೆ. “ಆಫೀಸಿನವರ ಎಡವಟ್ಟು ಇರ್ಬೇಕು, ಕೇಳ್ತೀನಿ” ಎಂದೆ. ಕೇಳಲಿಲ್ಲ. ಎರಡನೆಯ ಸಲ ನೀನು ಕೇಳಿದಾಗ, “ಹೇಳಿದೀನಿ, ಸರಿಮಾಡ್ತಾರಂತೆ” ಎಂದೆ. ಹೇಳಿರಲಿಲ್ಲ. ನೀನೇ ಸ್ವಂತಕ್ಕೆ ವಿಮೆ ಕೊಳ್ಳಲು ಜನವರಿ ಹದಿನೈದರವರೆಗೆ ಸಮಯವಿತ್ತು. ಅಮ್ಮ ಸರಿಮಾಡಿಸುತ್ತಾಳೆ ಎಂದು ನಂಬಿ ನೀನು ಕೂತೆ, ದಿನ ದಾಟಿತು. ಆಮೇಲೆ ಆ ವಿಮೆ ಕಂಪನಿಯವಳು, ನಿಮ್ಮ ತಾಯಿಯೇ ತೆಗೆಸಿದ್ದಾರೆ ಎಂದು ನಿನಗೆ ತಾರೀಖಿನ ಸಮೇತ ಓದಿ ಹೇಳಿದಳು.

“ಯಾವ ಮಾತ್ರೆ ಅಂತ ನಿಂಗೆ ಗೊತ್ತಿತ್ತಾ ಅಮ್ಮಾ?” ಎಂದು ನೀನು ಕೇಳಿದೆ. ಇಲ್ಲ ಎಂದೆ. ಸಂಬಳದಲ್ಲಿ ಹಿಡಿಯುವುದು ಜಾಸ್ತಿಯಾಯಿತು ಎಂದೆ. ನೀನು ಫೋನು ಇಟ್ಟೆ.

ಇಪ್ಪತ್ತು ದಿನ ನೀನು ಮಾತ್ರೆಯಿಲ್ಲದೆ ಇದ್ದೆ. ಹತ್ತೊಂಬತ್ತು ವರ್ಷದಿಂದ ನಾನು ಪ್ರತಿ ಸುತ್ತು ಮುಗಿದ ಮೇಲೆ ಶಾಲೆ ಬಸ್ಸಿನ ಕೊನೆಯ ಸೀಟಿನವರೆಗೆ ನಡೆದು, ಬಗ್ಗಿ ಬಗ್ಗಿ ನೋಡಿ, ಹಿಂದಿನ ಗಾಜಿಗೆ ‘ಖಾಲಿ’ ಎಂಬ ಫಲಕ ತಗುಲಿಸಿ ಇಳಿದವಳು. ಯಾರ ಮಗುವನ್ನೂ ಇವತ್ತಿನವರೆಗೆ ಬಸ್ಸಿನಲ್ಲಿ ಮರೆತಿಲ್ಲ. ಅದಕ್ಕೆ ನನಗೊಂದು ಪದಕವನ್ನೂ ಕೊಟ್ಟಿದ್ದಾರೆ. ಟಿವಿಯ ಪಕ್ಕ ಇತ್ತು, ಈಗ ಒಳಗಿಟ್ಟಿದ್ದೇನೆ.

ಇವತ್ತು ಚರ್ಚಿನಲ್ಲಿ ಪಟ್ಟಿ ಓದುವಾಗ ಎದ್ದು ಹೊರಗೆ ಬಂದೆ. ನಾಳೆ ಒಡೆಸ್ಸಾಳ ಹತ್ತಿರ ಹೋಗುತ್ತೇನೆ. ಮುಂದಿನದನ್ನು ಆಮೇಲೆ ಬರೆಯುತ್ತೇನೆ.

ಬುಧವಾರ, ಫೆಬ್ರವರಿ 8

ಸೋಮವಾರ ಹೋಗಿದ್ದೆ. ಬೆಳಗಿನ ಸುತ್ತು ಮುಗಿಸಿ, ಸಮವಸ್ತ್ರದಲ್ಲೇ.

ಒಡೆಸ್ಸಾ ಕನ್ನಡಕದ ಮೇಲಿಂದ ನೋಡಿ, “ಏನ್ ಸಿಸ್ಟರ್ ವರ್ಲೀನ್, ನಿನ್ನೆ ಪ್ರಾರ್ಥನೆ ಅರ್ಧಕ್ಕೇ ಎದ್ದೋದೆ, ಇವತ್ತು ಹೇಳದೆ ಕೇಳದೆ ಇಲ್ಲಿಗೆ ಬಂದಿದ್ದೀಯ. ಯಾರನ್ನ ಕೊಂದೆ?” ಎಂದಳು. ತಮಾಷೆಗೆ ಹೇಳಿದ್ದು. ನಾನು ಎದುರಿನ ಕುರ್ಚಿಯಲ್ಲಿ ಕೂತೆ.

ಮಗಳ ಹೆಸರು ವಿಮೆಯಿಂದ ಬಿಟ್ಟುಹೋಗಿದೆ, ಮತ್ತೆ ಸೇರಿಸಬೇಕು ಎಂದೆ. ಅವಳು ತೆರೆದು ನೋಡಿದಳು. “ಬಿಟ್ಟುಹೋಗಿಲ್ವಲ್ಲೇ, ತೆಗೆದಿದ್ದೀಯ. ಈಗ ನಡುವರ್ಷದಲ್ಲಿ ಸೇರ್ಸೋಕೆ ಬರಲ್ಲ. ತಪ್ಪಾಗಿ ಒತ್ತಿದ್ದೆ ಅಂದ್ರೆ ಮಾತ್ರ ಒಂದು ಫಾರಂ ಇದೆ, ಅದೂ ಮೇಲಿನವರು ಒಪ್ಪಬೇಕು. ತಪ್ಪಾಗಿ ಒತ್ತಿದ್ಯಾ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು, ಜೊನೆಲ್. ನಿನಗೋಸ್ಕರ ಇನ್ನೊಂದು ಸುಳ್ಳು ಹೇಳಿದರೆ ಏನಾಯಿತು ಎಂದೂ ಅನ್ನಿಸಿತು. ಆದರೆ ಬೇಕೆಂದೇ ತೆಗೆದೆ ಎಂದೆ. ನಾಚಿಕೆಗೆ ತೆಗೆದೆ, ಮಗಳಿಗೆ ಹೇಳದೆ ತೆಗೆದೆ, ಕೇಳಿದಾಗ ಸುಳ್ಳು ಹೇಳಿದೆ ಎಂದೆ. ಯಾವ ನಾಚಿಕೆ, ಯಾವ ಔಷಧಿ ಎಂದು ಹೇಳಲಿಲ್ಲ. ಅದು ನಿನ್ನ ವಿಷಯ, ನಿನಗೆ ಬೇಕಾದಾಗ ನೀನು ಹೇಳಿಕೊಳ್ಳುವುದು. ಅವಳ ಪರದೆಯಲ್ಲಿ ಮಾತ್ರೆಯ ಹೆಸರೇ ಇರುವುದಿಲ್ಲವಂತೆ, ಬರೀ ಹೆಸರು, ಹುಟ್ಟಿದ ತಾರೀಖು. ನಾನು ಹೆದರಿದ್ದು ಇಲ್ಲದ್ದಕ್ಕೆ.

ಅವಳು ಕನ್ನಡಕ ತೆಗೆದಿಟ್ಟಳು. “ನಾನು ನಿನ್ನ ಪುರಾಣ ಕೇಳ್ಲಿಲ್ಲ ವರ್ಲೀನ್. ತಪ್ಪಾಯ್ತಾ, ಇಲ್ವಾ? ಅಷ್ಟು ಹೇಳು.”

“ತಪ್ಪಾಯ್ತು” ಎಂದೆ.

“ಹಂಗಾದ್ರೆ ಹಂಗೇ ಬರಿ.”

ಫಾರಂನಲ್ಲಿ ‘ಏನು ತಪ್ಪಾಯಿತು’ ಎಂದು ಒಂದು ಸಾಲು ಬಿಟ್ಟಿದ್ದರು. ‘ನನ್ನ ಮಗಳ ಹೆಸರು ತೆಗೆದೆ. ತಪ್ಪಾಯಿತು’ ಎಂದು ಬರೆದು ಸಹಿ ಹಾಕಿದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮೇಲಿನವರು ಅದನ್ನು ಹೇಗೆ ಓದಿಕೊಂಡರೋ ಅದು ಅವರಿಗೆ ಬಿಟ್ಟದ್ದು.

ಏಳುವಾಗ, “ಭಾನುವಾರದ ಪಟ್ಟೀಲಿ ಹಾಕ್ಲಾ?” ಎಂದು ಒಡೆಸ್ಸಾ ಕೇಳಿದಳು. ಯಾರ ಹೆಸರು ಎಂದೆ. “ನಿನ್ನದೇ. ಮುಖ ನೋಡ್ಕೊಂಡಿದ್ದೀಯಾ?” ಎಂದಳು.

ಇವತ್ತು ಮಧ್ಯಾಹ್ನ ಫೋನು ಬಂತು. ಒಪ್ಪಿದ್ದಾರೆ. ಜನವರಿ ಒಂದರಿಂದಲೇ ನಿನ್ನ ಹೆಸರು ಇದೆ. ಶುಕ್ರವಾರ ಬೆಳಿಗ್ಗೆ ನಿನ್ನ ಔಷಧಿ ಅಂಗಡಿಗೆ ಹೋಗು, ಕೊಡುತ್ತಾರೆ. ಇಪ್ಪತ್ತು ದಿನ ಬಿಟ್ಟದ್ದರಿಂದ ರಕ್ತ ಮತ್ತೆ ಪರೀಕ್ಷೆ ಮಾಡಿಸಬೇಕಾಗಬಹುದು, ಆ ಮಾತ್ರೆ ಇನ್ನೂ ನಾಟುತ್ತದೋ ಇಲ್ಲವೋ ನೋಡಲು. ನಾಟದಿದ್ದರೆ ಅದು ನನ್ನ ಕೈಯಾರೆ ಆದದ್ದು. ಅದನ್ನು ಯಾವ ಫಾರಂನಲ್ಲೂ ಬರೆದು ಸರಿಮಾಡಲು ಬರುವುದಿಲ್ಲ. ಏನು ಬಂದರೂ ನನಗೆ ಹೇಳು. ಹೇಳಬೇಕೆನ್ನಿಸಿದರೆ.

ಇದರ ಜೊತೆ ಇನ್ನೊಂದು ಫಾರಂ ಇದೆ. ಅದಕ್ಕೆ ನೀನು ಸಹಿ ಹಾಕಿ ಕಳಿಸಿದರೆ ಇನ್ನು ಮುಂದೆ ಆ ಕಾಗದಗಳೆಲ್ಲ ನೇರ ನಿನ್ನ ವಿಳಾಸಕ್ಕೇ ಬರುತ್ತವೆ. ಇಂಥದ್ದೊಂದು ಮೊದಲಿನಿಂದ ಇತ್ತಂತೆ. ವಿಚಾರಿಸಿದ್ದರೆ ನಿನ್ನ ಹೆಸರು ತೆಗೆಯದೆಯೇ ನನ್ನ ಮಾನ ಉಳಿಯುತ್ತಿತ್ತು.

ಈ ಪತ್ರ ಅಂಚೆಗೆ ಹಾಕುವುದಿಲ್ಲ. ಇನ್ನೊಬ್ಬರ ಲಕೋಟೆ ಒಡೆದು ಓದುವವರು ಎಂಥವರು ಎಂದು ನನಗೆ ಗೊತ್ತಿದೆ. ನಾಳೆ ರಜೆ ಹಾಕಿದ್ದೇನೆ. ನೀನು ಕೆಲಸ ಮಾಡುವ ಹೂವಿನ ಅಂಗಡಿಯ ಬಾಗಿಲಿನವರೆಗೆ ಬಂದು, ಇದನ್ನೂ ಒಂದು ಗಂಟನ್ನೂ ಇಟ್ಟು, ನಿನ್ನನ್ನು ಕರೆಯದೆ ಹೊರಟುಹೋಗುತ್ತೇನೆ. ಇದನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ. ಮಾತ್ರೆ ಮಾತ್ರ ತಪ್ಪಿಸಬೇಡ.

ನಿನ್ನ ಅಮ್ಮ,
ವರ್ಲೀನ್

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಅಲ್ಯೂಮಿನಿಯಂ ತಟ್ಟೆ ಯಾರು ಶುರು ಮಾಡಿದರೋ ಏನೋ ಎಂದು ಮೇಲೆ ಬರೆದಿದ್ದೇನಲ್ಲ, ಅದೂ ಸುಳ್ಳು. ಡಾರ್ನೆಲ್‌ಗೆ ಮೊದಲ ತಟ್ಟೆ ಒಯ್ದವಳು ನಾನೇ. ಒಡಹುಟ್ಟಿದವಳೇ ಹಾಗೆ ತಂದ ಮೇಲೆ ಊರವರದ್ದೇನು. “ನಿನ್ ಪಾತ್ರೆ ಎಲ್ಲೇ, ವರ್ಲೀನ್?” ಎಂದು ಕೇಳಿದ. ಮನೆಯಲ್ಲೇ ಮರೆತೆ ಎಂದೆ. ಗಂಟಿನಲ್ಲಿ ನಿನಗಿಷ್ಟವಾದ ಮೆಕರೋನಿ ಚೀಸ್ ಇದೆ, ಅಜ್ಜಿಯ ನೀಲಿ ಹೂವಿನ ಪಿಂಗಾಣಿಯಲ್ಲಿ. ತಳದಲ್ಲಿ ಟೇಪು ಅಂಟಿಸಿ ನನ್ನ ಹೆಸರು ಬರೆದಿದ್ದೇನೆ. ತಿಂದ ಮೇಲೆ ಪಾತ್ರೆ ನನಗೆ ವಾಪಸು ಬೇಕು, ಜೊನೆಲ್. ಯಾವಾಗಾದರೂ ಸರಿ, ನೀನೇ ತರಬೇಕು.