ದೋಣಿಯಲ್ಲಿ ಬಂದ ದಯೆ

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರ.

ಬರೆಯೋದು ತಡವಾಯ್ತು, ಬೈಕೋಬೇಡ. ಎರಡು ಸಲ ಕೂತು ಬರೆದೆ, ಎರಡು ಸಲವೂ ಹರಿದು ಹಾಕಿದೆ. ಬರೀ ಬೈಗುಳವೇ ಆಗಿಬಿಟ್ಟಿತ್ತು. ಇಲ್ಲಿ ನಾವೆಲ್ಲ ಕ್ಷೇಮ. ಇವರ ಬೆನ್ನುನೋವು ಹಾಗೇ ಇದೆ, ಆದರೂ ದೋಣಿ ಹತ್ತೋದು ಬಿಟ್ಟಿಲ್ಲ. ನಮ್ಮ ಚಿಕ್ಕವಳು ಈ ವರ್ಷ ನನ್ನ ಕ್ಲಾಸಿಗೇ ಬಂದಿದ್ದಾಳೆ. ಶಾಲೆಯಲ್ಲಿ ನನ್ನನ್ನ 'ಟೀಚರ್' ಅಂತಾನೇ ಕರೀಬೇಕು ಅಂತ ಹೇಳಿಟ್ಟಿದ್ದೀನಿ. ಭಾವನ ಕೆಮ್ಮು ಹೇಗಿದೆ?

"ಇಲ್ಲಿನ ನಮ್ಮ ಚರ್ಚಿನ ಕಡೆಯಿಂದ ಅಲ್ಲಿಗೆ ಬಂದ ಮಿಷನರಿಗಳು ನಿಮ್ಮ ದ್ವೀಪದ ಮಕ್ಕಳಿಗೆ ಏನೇನು ಮಾಡಿದ್ರು, ವಿವರವಾಗಿ ಬರಿ" ಅಂತ ಕೇಳಿದ್ದೆಯಲ್ಲ. ಬರೀತೀನಿ, ಆದರೆ ಓದಿ ನಿನಗೆ ಖುಷಿಯಾಗಲ್ಲ.

ಪರದೇಶದವರಲ್ವಾ, ನಮ್ಮ ಮಾತು ಅವರಿಗೆ ಬರಲ್ಲ. ಅವರ ಭಾಷೆ ಅಷ್ಟೋ ಇಷ್ಟೋ ಬರೋದು ನನಗೊಬ್ಬಳಿಗೇ ಅಂತ ನಮ್ಮ ಪಾದ್ರಿಗಳು ನನ್ನನ್ನೇ ಮುಂದೆ ನಿಲ್ಲಿಸಿದರು. ಅವರ ಮುಖ್ಯಸ್ಥೆಗೆ ಮಕ್ಕಳು ಟೋಪಿಯಮ್ಮ ಅಂತ ಹೆಸರಿಟ್ಟವು. ತಲೆ ಮೇಲಿನ ಅಗಲ ಟೋಪಿ ನೋಡಿ ಇಟ್ಟಿದ್ದು ಬಿಡು. ನನಗೆ ಮಾತ್ರ ಆಮೇಲೆ, ಮಕ್ಕಳ ಬಾಯಲ್ಲಿ ದೇವರೇ ಮಾತಾಡಿದ ಅನ್ನಿಸಿತು.

ಎಲ್ಲರೂ ಕೆಟ್ಟವರು ಅಂದರೆ ನನ್ನ ನಾಲಿಗೆ ಬಿದ್ದುಹೋದೀತು. ಜೊತೆಗೊಬ್ಬಳು ವಯಸ್ಸಾದ ನರ್ಸ್ ಇದ್ದಳು. ಬಂದವಳೇ ಬಾಗಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತು, ಕೀವು ಸೋರುವ ಕಿವಿಗಳನ್ನೆಲ್ಲ ಒಂದೊಂದಾಗಿ ಒರೆಸಿ ಔಷಧಿ ಬಿಟ್ಟಳು. ಅವಳ ಕಡೆ ಯಾವ ಕ್ಯಾಮೆರಾನೂ ತಿರುಗಲಿಲ್ಲ.

ಕ್ಯಾಮೆರಾ ಇದ್ದದ್ದು ಟೋಪಿಯಮ್ಮನ ಸುತ್ತ. ಅತಿಥಿಗಳು ಬರ್ತಾರೆ ಅಂತ ತಾಯಂದಿರು ಮಕ್ಕಳಿಗೆ ತಲೆಗೆ ಎಣ್ಣೆ ಹಚ್ಚಿ, ಇದ್ದುದರಲ್ಲೇ ಒಳ್ಳೆಯ ಬಟ್ಟೆ ಹಾಕಿ ಕಳಿಸಿದ್ದರು. ಬಲೆ ಹೆಣೆಯುವವನ ಮಗನಂತೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮದುಮಗನ ಹಾಗೆ ನಿಂತಿದ್ದ. ಟೋಪಿಯಮ್ಮ ಅವನನ್ನ ನೋಡಿ ಮುಖ ಸಣ್ಣಗೆ ಮಾಡಿ, "ಇವನಿಗೆ ಬೇರೆ ಬಟ್ಟೆ ಇಲ್ವಾ?" ಅಂದಳು.

"ಇದೇ ಅವನ ಒಳ್ಳೇ ಬಟ್ಟೆ," ಅಂದೆ.

"ಅದೇ ತೊಂದರೆ," ಅಂದಳು.

ಅಂಗಿ ಬಿಚ್ಚಿಸಿದರು ಅಕ್ಕ! ಮೀನು ಕೊಯ್ಯುವ ಕಟ್ಟೆಯ ಪಕ್ಕ, ಆ ಚರಂಡಿ ಅಂಚಿಗೆ ಕೂರಿಸಿದರು. ಮೂಗಿನ ಮೇಲೆ ನೊಣ ಕೂತರೆ, "ಓಡಿಸಬೇಡ ಅಂತ ಹೇಳಿ," ಅಂತ ನನಗೆ ಅಪ್ಪಣೆ. ಆಮೇಲೆ ಮಕ್ಕಳ ಪಾದ ತೊಳೆಯೋ ಸೇವೆ. ಬೆಳಕು ಸರಿ ಬರಲಿಲ್ಲ ಅಂತ, ತೊಳೆದ ಕಾಲನ್ನ ಮತ್ತೆ ಕೆಸರಿಗೆ ಇಳಿಸಿ ಇನ್ನೊಮ್ಮೆ ತೊಳೆದರು. ಒಂದೊಂದು ಮಗುವನ್ನ ತಬ್ಬಿ ಬಿಟ್ಟ ಮೇಲೂ ಟೋಪಿಯಮ್ಮ ಬೆನ್ನು ತಿರುಗಿಸಿ ಕೈಗೆ ಸ್ಯಾನಿಟೈಸರ್ ಉಜ್ಜಿಕೊಳ್ಳೋಳು. ನಾನೂ ದಿನಾ ಪ್ರಾರ್ಥನೆ ಮಾಡೋಳೇ. ಆದರೆ ಅವಳು ಆ ಬಾಯಲ್ಲೇ ಯೇಸುವಿನ ಹೆಸರು ಎತ್ತಿದಾಗ, ಎಂಜಲು ತಟ್ಟೆಯಲ್ಲಿ ಊಟಕ್ಕೆ ಹಾಕಿದ ಹಾಗಾಯ್ತು.

ಅಷ್ಟರಲ್ಲಿ ಯಾರೋ ಹೇಳಿ ಬಲೆಯವನೇ ಬಂದ. "ನನ್ನ ಮಗನ ಅಂಗಿ ಬಿಚ್ಚಿಸಿದ್ದು ಯಾರು?"

ಪಾದ್ರಿಗಳು ಅವನ ತೋಳು ಹಿಡಿದರು. "ಸುಮ್ನಿರಪ್ಪ, ಶಾಲೆಗೆ ಹೊಸ ಸೂರು ಹಾಕಿಸ್ತೀವಿ ಅಂದಿದ್ದಾರೆ."

"ಸೂರಿಗೋಸ್ಕರ ಮಗನ ಮಾನ ಬಿಚ್ಚಬೇಕಾ ಫಾದರ್?"

ಮಗನಿಗೆ ಅಂಗಿ ತೊಡಿಸಿ, ಒಂದೊಂದೇ ಗುಂಡಿ ಹಾಕಿ, ಹೆಗಲ ಮೇಲೆ ಕೂರಿಸಿಕೊಂಡು ಹೊರಟುಹೋದ. ಟೋಪಿಯಮ್ಮ ನಗುತ್ತಲೇ, "ಪಾಪ, ಅವನಿಗೆ ಅರ್ಥವಾಗಲ್ಲ," ಅಂದಳು. ಅದನ್ನ ನಾನು ಯಾರಿಗೂ ಅನುವಾದ ಮಾಡಲಿಲ್ಲ.

ಸಂಜೆ ದೋಣಿ ಹೊರಟಾಗ ದಡಕ್ಕೆ ನಾನು ಹೋಗಲಿಲ್ಲ. ಪಾದ್ರಿಗಳು ಈಗಲೂ ಸಿಕ್ಕಿದಾಗಲೆಲ್ಲ ಸೂರಿನ ಮಾತೇ ಆಡ್ತಾರೆ. ಬಲೆಯವನು ನನ್ನ ಕಂಡರೆ ಮುಖ ತಿರುಗಿಸ್ತಾನೆ.

ಇರಲಿ. ಭಾವನಿಗೆ ನನ್ನ ನಮಸ್ಕಾರ. ನಿನ್ನ ಮಕ್ಕಳ ಮೇಲೆ ಯಾರ ಕೆಟ್ಟ ಕಣ್ಣೂ ಬೀಳದಿರಲಿ, ಕರುಣೆಯ ಕಣ್ಣು ಕೂಡ. ಮೈ ಕಡೆ ನೋಡ್ಕೋ.

ನಿನ್ನ
ತಂಗಿ

ತಾ.ಕ.: ಇದನ್ನ ಮೇಲೆ ಬರೆಯೋಕೆ ಕೈ ಬರಲಿಲ್ಲ. ಬಲೆಯವನ ಮಗ ಹೋದಮೇಲೆ ಅವರಿಗೆ ಇನ್ನೊಂದು ಮಗು ಬೇಕಾಯ್ತು. ಟೋಪಿಯಮ್ಮ ಕರೆದದ್ದು ನಮ್ಮ ಚಿಕ್ಕವಳನ್ನ. ಅವಳು ನನ್ನ ಮಗಳು ಅಂತ ಟೋಪಿಯಮ್ಮನಿಗೆ ಗೊತ್ತಿರಲಿಲ್ಲ. "ಇವಳ ಅಮ್ಮ ಎಲ್ಲಿ, ಕೇಳಿ," ಅಂದಳು. ಕೇಳಿದೆ. ತಾಯಿ ಇಲ್ಲದ ಮಕ್ಕಳನ್ನ ಮಾತ್ರ ತೊಡೆ ಮೇಲೆ ಕೂರಿಸಿ ಗೊಂಬೆ ಕೊಡೋದನ್ನ ನಮ್ಮ ಚಿಕ್ಕವಳು ಬೆಳಗ್ಗಿನಿಂದ ನೋಡ್ತಾ ಇದ್ದಳು. ನನ್ನ ಮುಖವನ್ನೇ ನೋಡ್ತಾ, "ಅಮ್ಮ ಸತ್ತೋದ್ಲು ಟೀಚರ್," ಅಂದಳು. ಪಾದ್ರಿಗಳು ನನ್ನ ಕಡೆ ಕೈಮುಗಿದ ಹಾಗೆ ನಿಂತಿದ್ದರು. ಭಾನುವಾರ ನಿಮ್ಮ ಚರ್ಚಿನಲ್ಲಿ ಅವತ್ತು ತೆಗೆದ ವೀಡಿಯೊ ತೋರಿಸ್ತಾರಂತೆ. ಅದರಲ್ಲಿ, ಈ ಮಗುವಿನ ತಾಯಿ ಸತ್ತಿದ್ದಾಳೆ ಅಂತ ಅವರ ಭಾಷೆಯಲ್ಲಿ ಹೇಳೋ ದನಿ ನನ್ನದು, ಅಕ್ಕ.