ವಸ್ತಾದರ ಕಾಲು ತಿಕ್ಕಿದ ಕೈ

೧೯೦೩ ನವೆಂಬರ ೩, ಬೈಲಹೊಂಗಲ

ನಸುಕಿನಲ್ಲಿ ತಾಲೀಮು. ಕುಸ್ತಿಯ ಕಣದ ಮಣ್ಣು ಅಗೆದೆ. ಮುನ್ನೂರು ದಂಡ, ಐನೂರು ಬೈಠಕ್. ಪಾಠ ಹೇಳಲು ಶಾಲೆಗೆ ಹೋಗುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು, ಹೆಡ್‌ಮಾಸ್ತರರ ಮುಖ ಹುಳ್ಳಗಾಗಿತ್ತು.

ಸಂಜೆ ಮತ್ತೆ ಅದೇ. ಕುಸ್ತಿ ಮುಗಿದ ಮೇಲೆ ನಮ್ಮ ಗುರು ಉಳವಪ್ಪ ವಸ್ತಾದರು ಕಾಲು ಚಾಚಿ ಕೂತರು. "ಏ ಬೀರ್ಯಾ, ಬಾರೋ, ಕಾಲ ತಿಕ್ಕು."

ನಮ್ಮ ಈ ತಾಲೀಮಿನಲ್ಲಿ, ಗರಡಿಮನೆಯಲ್ಲಿ, ಯಾರೂ ಬಾಯಿ ಬಿಟ್ಟು ಹೇಳದ ಕಾನೂನು ಒಂದಿದೆ. ವಸ್ತಾದರ ಬೆನ್ನು ಯಾರಾದರೂ ತಿಕ್ಕಬಹುದು, ಹೆಗಲು ಯಾರಾದರೂ ಒತ್ತಬಹುದು. ಕಾಲು ಮಾತ್ರ ಒಬ್ಬನದೇ. ಅವರ ನಂತರ ತಾಲೀಮು ಆ ಕೈಗೆ. ಮೂರು ವರ್ಷದಿಂದ ಆ ಕೈ ದೊಡವಾಡದ ಬೀರಪ್ಪನದು. ಕುರಿ ಕಾಯುವವ. ರುಜು ಮಾಡಲು ಬಾರದು. ನಾನು ಒಂಬತ್ತು ವರ್ಷದಿಂದ ಮಣ್ಣು ಅಗೆಯುತ್ತಿದ್ದೇನೆ.

ನವೆಂಬರ ೬

ಹದಿನೆಂಟಕ್ಕೆ ರಾಮದುರ್ಗದಲ್ಲಿ ಕುಸ್ತಿ. ವಸ್ತಾದರು ಎಲ್ಲರೆದುರು ಹೇಳಿದರು — ಬೀರಪ್ಪ ಹೋಗುತ್ತಾನೆ. ಮುಖ ಬಿಗಿ ಹಿಡಿದುಕೊಂಡೆ. ಮನೆಗೆ ಬಂದು ಉಣ್ಣಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಅದೇ ಕಣದಲ್ಲಿ ವಸ್ತಾದರು ಪಂಜಾಬಿನ ಪೈಲವಾನನನ್ನು ಚಿತ್ ಮಾಡಿದ್ದರು. ಸಂಸ್ಥಾನದಿಂದ ದಿನಕ್ಕೆ ನಾಲ್ಕು ಸೇರು ಹಾಲು, ಬಾದಾಮಿ, ಏರಲು ಕುದುರೆ. ಮೊಣಕಾಲು ಮುರಿದ ವರ್ಷವೇ ಹಾಲು ನಿಂತಿತು. ಕುದುರೆಯನ್ನೂ ಕಸಿದುಕೊಂಡರು. ಕುಂಟುತ್ತ ಊರಿಗೆ ಬಂದು ಹಣಮಪ್ಪನ ಗುಡಿಯ ಹಿಂದೆ ತಾಲೀಮು ಹಾಕಿದರು. ಈಗ ಒಂದೇ ಹಟ. ಸಾಯುವುದರೊಳಗೆ ತಮ್ಮ ಶಿಷ್ಯ ಯಾವನಾದರೂ ಆ ಕಣದಲ್ಲಿ ಗೆಲ್ಲಬೇಕು. ಆ ಶಿಷ್ಯ ನಾನಲ್ಲ.

ನಾನೇಕೆ ಬೇಡ ಎಂದು ನಾಚಿಕೆ ಬಿಟ್ಟು ಕೇಳಿಯೇ ಬಿಟ್ಟೆ. ನಕ್ಕರು.

"ಶಂಕ್ರ್ಯಾ, ನಿನ್ನ ಕೈಯಾಗ ಕಸುವೈತಿ. ಆದ್ರ ನೀ ಬಿದ್ದರ ಹೆಂಗ ಅಂತ ವಿಚಾರ ಮಾಡತಿ. ಅಂವಾ ವಿಚಾರ ಮಾಡಂಗಿಲ್ಲ."

ಓದು ಕಲಿತದ್ದೇ ತಪ್ಪಾಯಿತು!

ನವೆಂಬರ ೯

ಸವದತ್ತಿ ಕಡೆ ಪ್ಲೇಗು ಜೋರು. ಇನ್‌ಸ್ಪೆಕ್ಟರರಿಂದ ನೋಟೀಸು ಬಂತು. ಶಾಲೆಯ ಅಂಗಳದಲ್ಲಿ ನಾನೇ ಗಟ್ಟಿಯಾಗಿ ಓದಿದೆ. ಇಲಿ ಸತ್ತು ಬಿದ್ದರೆ ತಿಳಿಸಬೇಕು. ಜ್ವರ ಬಂದು ಕಂಕುಳಲ್ಲೋ ತೊಡೆಯ ಸಂದಿಯಲ್ಲೋ ಗಂಟು ಎದ್ದರೆ ತಿಳಿಸಬೇಕು. ಹುಡುಗರು ತಮ್ಮ ಕಂಕುಳು ಮುಟ್ಟಿ ನೋಡಿಕೊಂಡು ಕಿಸಿಕಿಸಿ ನಕ್ಕರು.

ನವೆಂಬರ ೧೩, ಸಂಜೆ

ಎಣ್ಣೆ ಹತ್ತಿದ ಕೈ ತೊಳೆಯದೆ ಬರೆಯುತ್ತಿದ್ದೇನೆ — ಸಂತೋಷಕ್ಕೆ.

ನಿನ್ನೆ ಬೀರಪ್ಪನಿಗೆ ಒಂದು ಡಾವು, ಕುಸ್ತಿಯ ಪಟ್ಟು, ತೋರಿಸಲು ವಸ್ತಾದರೇ ಕಣಕ್ಕೆ ಇಳಿದಿದ್ದರು. ಐವತ್ತೈದರ ವಯಸ್ಸಿನಲ್ಲಿ. ಇವತ್ತು ಹಾಸಿಗೆಯಿಂದ ಏಳಲಾಗಲಿಲ್ಲ. "ತೊಡಿ ಸಂದ್ಯಾಗ ನರ ಸರದೈತಿ" ಎಂದರು. ಪೈಲವಾನರಿಗೆ ಇದೇನು ಹೊಸದಲ್ಲ. ಬಿಸಿ ಎಣ್ಣೆ ಹಚ್ಚಿ ತಿಕ್ಕಿದರೆ ಕೂರುತ್ತದೆ. ಬೀರಪ್ಪ ಎಣ್ಣೆಯ ಬಟ್ಟಲು ಹಿಡಿದು ಹತ್ತಿರ ಹೋದ. ವಸ್ತಾದರು ಕೋಲು ಎತ್ತಿದರು.

"ಕೈ ಹಚ್ಚಬ್ಯಾಡ! ದೂರ ಸರಿ!"

"ಯಾಕ್ರೀ ವಸ್ತಾದರ, ನಾ ಏನ್ ತಪ್ಪ ಮಾಡೇನ್ರೀ?"

"ಈಗಿಂದೀಗ ಗಾಡಿ ಹೂಡಸು. ರಾಮದುರ್ಗಕ್ಕ ನಡಿ. ಕುಸ್ತಿ ಮುಗಿಯೂ ತನಕಾ ನನಗ ಮಾರಿ ತೋರಸಬ್ಯಾಡ. ಶಂಕ್ರ್ಯಾ ಎಲ್ಲದಾನ? ಕರೀರಿ ಅವನ್ನ. ಅಂವಾ ತಿಕ್ಕಲಿ."

ಕೋಲಿನ ಒಂದು ಏಟು ಬಿದ್ದೇ ಬಿತ್ತು. ಅಷ್ಟು ದೊಡ್ಡ ಆಳು, ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡ. ಬಟ್ಟಲು ಹಿಂದೆ ನಿಂತಿದ್ದ ನನ್ನ ಕೈಗೆ ಬಂತು. ನಕ್ಕೆ. ಹೊರಗೆ ಕಾಣುವಂತೆ ಅಲ್ಲ.

ನವೆಂಬರ ೧೪

ಎರಡು ಹೊತ್ತು ತಿಕ್ಕಿದೆ. ಮೈ ಹಂಚಿನಂತೆ ಕಾದಿದೆ. ಸಂದಿಯಲ್ಲಿ ನಿಂಬೆಕಾಯಿಯಷ್ಟು ಗಂಟು. ನರ ಸರಿದರೆ ಗಂಟಾಗುತ್ತದೆ, ಎಲ್ಲರೂ ಹಾಗೇ ಹೇಳುತ್ತಾರೆ.

ನೋಟೀಸು ಓದಿದವನು ನಾನು...

ತಿಳಿಸಿದರೆ ಊರಾಚೆಯ ಪ್ಲೇಗು ಕ್ಯಾಂಪಿಗೆ ಒಯ್ಯುತ್ತಾರೆ. ತಾಲೀಮಿಗೆ ಬೀಗ. ಒಂಬತ್ತು ವರ್ಷ ಕಾದದ್ದು ಎರಡೇ ದಿನಕ್ಕೆ ಮುಗಿಯುತ್ತದೆ. ಸಂಜೆ ನಾನು ಬರುವಾಗ ಎಲ್ಲರೂ ದಾರಿ ಬಿಟ್ಟು ನಿಂತರು. ನನಗೆ!

ನರವೇ ಇರಬೇಕು.

ನವೆಂಬರ ೧೬

ವಸ್ತಾದರು ಹೋದರು. ಬೆಳಗಾಗುವ ಹೊತ್ತಿಗೆ.

ಜ್ವರ ನೆತ್ತಿಗೇರಿ ಒಂದೇ ಸಮನೆ ಕೂಗುತ್ತಿದ್ದರು — "ಬೀರ್ಯಾ, ಬೆನ್ನ ಹತ್ತಸು ಅಂವಂದು, ನೆಲಕ್ಕ ಬೆನ್ನ ಹತ್ತಸು!" ಕಾಲು ಹಿಡಿದು ಕೂತವನು ನಾನು. ನನ್ನ ಹೆಸರು ಒಮ್ಮೆಯೂ ಬರಲಿಲ್ಲ.

ಡಾಕ್ಟರು ಬಂದು ಗಂಟು ನೋಡಿದರು, ಆಮೇಲೆ ನನ್ನನ್ನು. "ನೀವು ಸಾಲಿ ಮಾಸ್ತರ ಅಲ್ಲೇನ್ರೀ?" ಅಷ್ಟೇ ಕೇಳಿದ್ದು.

ಅರವತ್ತು ಶಿಷ್ಯರು. ಹೆಗಲು ಕೊಡಲು ಒಬ್ಬನೂ ಬರಲಿಲ್ಲ. ಸರಕಾರದ ಇಬ್ಬರು ಆಳು, ನಾನು, ಹಿಂದೆ ಅವರ ಹೆಂಡತಿ ಬಾಯವ್ವ. ಜಂಗಮಯ್ಯ ದೂರದಿಂದಲೇ ಮಂತ್ರ ಹೇಳಿದ. ಸಮಾಧಿಯ ಕುಣಿಯಲ್ಲಿ ಹೆಣವನ್ನು ಸರಿಯಾಗಿ ಕೂರಿಸಲೂ ಬಿಡದೆ ಮಣ್ಣು ಎಳೆಸಿದರು. ತಾಲೀಮಿನ ಕಣವನ್ನೆಲ್ಲ ಅಗೆದು ಸುಣ್ಣ ಸುರಿದರು. ಹೇಡಿಗಳ ಊರು ಇದು. ನಾನೂ ಇದೇ ಊರಿನವನು.

ನವೆಂಬರ ೨೧, ಕ್ಯಾಂಪು

ಗಂಟು ಮುಟ್ಟಿದವನೆಂದು ನನ್ನನ್ನು ಇಲ್ಲಿ ತಂದಿಟ್ಟಿದ್ದಾರೆ. ತಟ್ಟಿಯ ಗುಡಿಸಲು. ಸುತ್ತ ಹಗ್ಗ. ದಿನಕ್ಕೆ ಹತ್ತು ಸಲ ಸಂದಿ ಮುಟ್ಟಿ ನೋಡಿಕೊಳ್ಳುತ್ತೇನೆ. ಇನ್ನೂ ಏನಿಲ್ಲ.

ಪಕ್ಕದ ಗುಡಿಸಲಲ್ಲಿ ಬಾಯವ್ವ. ಅವರಿಗೂ ನಿನ್ನೆಯಿಂದ ಜ್ವರ. ಇವತ್ತು ತಡೆಯಲಾಗಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದೆ ಎಂದು ಒಪ್ಪಿಕೊಂಡು ಅತ್ತೆ. ಅವರು ಅಳಲಿಲ್ಲ.

"ಅವರಿಗೂ ಗೊತ್ತಿತ್ತಪಾ. ತಾಲೀಮಿನ್ಯಾಗ ಇಲಿ ಬಿದ್ದಿತ್ತು. ತಾವ ಬಾಲಾ ಹಿಡದು ಒಗದು ಬಂದ್ರು, ಯಾರ ಮುಂದೂ ಆಡಲಿಲ್ಲ. ಗಂಟ ಎದ್ದಕೂಡ್ಲೇ ನನಗ ಅಂದ್ರು, ಬೀರ್ಯಾ ನನ್ನ ಮುಟ್ಟಬಾರದು, ಅವಂದು ಕುಸ್ತಿ ಐತಿ ಅಂತ."

"ಮತ್ತ ನನ್ನ ಯಾಕ ಕರದ್ರೀ ಅವ್ವಾರ?"

ಸೆರಗು ಸರಿಮಾಡಿಕೊಂಡರು. "ಯಾರರೇ ತಿಕ್ಕಬೇಕಾಗಿತ್ತಲ್ಲೋ ತಮ್ಮಾ. ಭಾಳ ಸಂಕಟ ಆಗತಿತ್ತು ಅವರಿಗೆ."

ಸತ್ತವರ ಮೇಲೆ ಸಿಟ್ಟಾಗಬಾರದು ಎನ್ನುತ್ತಾರೆ. ಆಗಿದ್ದೇನೆ. ಉರಿದು ಹೋಗುತ್ತಿದ್ದೇನೆ.

ನವೆಂಬರ ೨೨

ಬಾಯವ್ವನವರೂ ಹೋದರು. ಇನ್ನು ಇದು ಗೊತ್ತಿರುವುದು ನನಗೊಬ್ಬನಿಗೆ.

ನವೆಂಬರ ೨೩, ಮಧ್ಯಾಹ್ನ

ಬೀರಪ್ಪ ಬಂದಿದ್ದ. ರಾಮದುರ್ಗದಲ್ಲಿ ಗೆದ್ದ. ಕೈಯಲ್ಲಿ ಬೆಳ್ಳಿ ಕಡಗ, ತಲೆಗೆ ಸಂಸ್ಥಾನದ ಬಿಳಿ ರುಮಾಲು. ಹಗ್ಗದ ಆಚೆ ಕುಕ್ಕರಿಸಿ ಕೂತು ಅತ್ತ.

"ಗೆದ್ದ ಏನ್ ಮಾಡ್ಲೋ ಮಾಸ್ತರ? ಕಡೀಕ ನನ್ನ ನಾಯಿ ಹೊಡದಂಗ ಹೊಡದು ಅಟ್ಟಿದ್ರು. ನಿನ್ನ ಕರದ್ರು. ನನ್ನ ಬಗ್ಗೆ ಏನರೇ ಅಂದ್ರೇನು? ಖರೆ ಹೇಳು, ನಿನ್ನ ಕಾಲ ಬೀಳತೇನಿ."

ಒಂದು ಮಾತು ಸಾಕಿತ್ತು. ನಿನ್ನನ್ನು ಉಳಿಸಲಿಕ್ಕೇ ಹೊಡೆದರು. ನಾಲಿಗೆಯ ತುದಿಗೆ ಬಂದಿತ್ತು.

"ಏನೂ ಅನ್ನಲಿಲ್ಲ," ಎಂದೆ. "ನಿನ್ನ ಹೆಸರ ಸೈತ ತಗೀಲಿಲ್ಲ."

ಕಡಗ ಬಿಚ್ಚಿ ಹಗ್ಗದ ಕೆಳಗಿನಿಂದ ನನ್ನ ಕಡೆ ದೂಡಿದ. "ಹಂಗಾರ ಇದು ನಿಂದು. ತಾಲೀಮೂ ನಿಂದ." ಎದ್ದು ದೊಡವಾಡದ ದಾರಿ ಹಿಡಿದ. ಇನ್ನು ಕಣಕ್ಕೆ ಇಳಿಯುವುದಿಲ್ಲವಂತೆ.

ಬದುವಿನ ಮೇಲೆ ರುಮಾಲು ಇನ್ನೂ ಕಾಣುತ್ತಿದೆ. ಕೂಗಿದರೆ ಕೇಳಿಸುತ್ತದೆ. ಈ ಸಾಲು ಬರೆದು ಮುಗಿಸಿ ಕೂಗುತ್ತೇನೆ. ಇದೊಂದು ಸಾಲು —