ಅಪ್ಪ ದುಡಿದ ನೆಲಮಾಳಿಗೆ

ಅಪ್ಪಾ,

ಇದನ್ನು ನೀನು ಓದುವುದಿಲ್ಲ, ಆದರೂ ನಿನಗೇ ಹೇಳಬೇಕು. ಈ ಸಲದ ಬಿಸಿಲಿಗೆ ಬೈಕನೂರು ಬೆಂದುಹೋಗಿದೆ. ಇವತ್ತು ಮಧ್ಯಾಹ್ನ ಕರೆಂಟೂ ಹೋಯಿತು. ಕಾವಲುಗಾರ ಸಪರ್ ಮಾವ ಬೀದಿಯವರನ್ನೆಲ್ಲ ಹಳೇ ಬಸ್ಸಿಗೆ ಹತ್ತಿಸಿಕೊಂಡು ಹೋಗಿ, ನೀನು ಕಡೆಯವರೆಗೂ ದುಡಿದ ನೆಲಮಾಳಿಗೆಯ ಬೀಗ ತೆಗೆದ. ಅಲ್ಲಿ ಕೂತು ಗುಂಡಿ ಒತ್ತಿ ರಾಕೆಟ್ ಹಾರಿಸುವುದು ನಿಂತು ವರ್ಷಗಳೇ ಆದವು.

"ನಾವು ಒಳಗೆ ಬರಬಹುದಾ ಮಾವ?" ಅಂದೆ.

"ಬಾರಮ್ಮ, ಮುಚ್ಚಿಡೋಕೆ ಈಗ ಗುಟ್ಟಾದ್ರೂ ಏನ್ ಉಳಿದಿದೆ?" ಅಂದ.

ಚಿಕ್ಕವಳಿದ್ದಾಗ ಒಂದು ಸಲ ತೋರಿಸೆಂದು ಎಷ್ಟು ಹಟ ಹಿಡಿದರೂ ನೀನು ನನ್ನನ್ನು ಗೇಟಿನ ಹತ್ತಿರಕ್ಕೂ ಬಿಟ್ಟಿರಲಿಲ್ಲ. ಒಳಗೆ ಬಾವಿಯಂಥ ತಂಪು. ಬಿಸಿಲು ಸುಡುವ ಜುಲೈನಲ್ಲೂ ನೀನು ಅಮ್ಮ ಹೆಣೆದ ಸ್ವೆಟರ್ ಹಿಡಿದು ಹೊರಟರೆ ನಾವು ನಗುತ್ತಿದ್ದೆವು. ಕಾರಣ ಹೇಳದೆ ನೀನೂ ನಗುತ್ತಿದ್ದೆ.

ಹೆಂಗಸರು ಚಾಪೆ ಹಾಸಿ ಕಲ್ಲಂಗಡಿ ಹೆಚ್ಚಿದರು. ಸಪರ್ ಮಾವ ಟಾರ್ಚ್ ಬೆಳಕು ಬಿಟ್ಟು ನಿನ್ನ ಕುರ್ಚಿ ತೋರಿಸಿದ. ಕೂರಲು ನನಗೆ ಮನಸ್ಸಾಗಲಿಲ್ಲ. ನೀನು ನೋಡದ ಮೊಮ್ಮಗಳು ತೊಗ್ಜಾನ್ ಹತ್ತಿ ಕೂತು, ಕೈಗೆ ಸಿಕ್ಕ ಗುಂಡಿ ಒತ್ತಿ, "ಅಮ್ಮಾ, ರಾಕೆಟ್ ಹೋಯ್ತಾ?" ಅಂದಳು.

ಯಾರೂ ನಗಲಿಲ್ಲ. ಹಿಂದೆಲ್ಲ ಪ್ರತಿ ರಾಕೆಟ್ಟಿಗೂ ನಡುಗುತ್ತಿದ್ದ ನೆಲ ಈಗಲೂ ನಡುಗೀತೆಂದು, ದೊಡ್ಡವರೆಲ್ಲ ಮಾತು ನಿಲ್ಲಿಸಿ ಕಾದೆವು.

ನಿನ್ನ ರೌಶಾನ್